ಶಿರಾದ ಗಾಜಿನ ತೊಟ್ಟಿಯಲ್ಲಿ ಆಫ್ರಿಕಾದ ಕಪ್ಪೆ

ಕಳೆದ ಏಪ್ರಿಲ್‌ನಲ್ಲಿ ಶಿರಾದ ಅಕ್ಕನ ಮನೆಗೆ ಹೋದಾಗ ಟಿ.ವಿ. ಪಕ್ಕದಲ್ಲಿ ಹೊಸ ಗಾಜಿನ ತೊಟ್ಟಿಯೊಂದು ಬಂದು ಕೂತಿತ್ತು. ಒಳಗೆ ಒಂದೂ ಮೀನಿರಲಿಲ್ಲ. ಸುಲಿದ ಬೆಳ್ಳುಳ್ಳಿಯ ಬಣ್ಣದ ಕಪ್ಪೆಯೊಂದು ಕೈಕಾಲು ಚಾಚಿಕೊಂಡು, ಮೂಗಿನ ತುದಿಯನ್ನಷ್ಟೇ ಮೇಲಿಟ್ಟು ತೇಲುತ್ತಿತ್ತು. ಬೆಂಗಳೂರಿಗೆ ಹೋಗಿದ್ದಾಗ ಅಕ್ಕನ ಮಗ ಹಟ ಹಿಡಿದು ಕೊಡಿಸಿಕೊಂಡದ್ದಂತೆ. ಅಂಗಡಿಯವನು ಇದು ನೀರಲ್ಲೇ ಇರುವ ಕಪ್ಪೆ, ಇದಕ್ಕೆ ಏನೂ ತೊಂದರೆಯಿಲ್ಲ, ಮೀನಿನ ಕಾಳು ಹಾಕಿದರೆ ಸಾಕು ಎಂದು ಹೇಳಿ ಕಳಿಸಿದ್ದನಂತೆ. ಹೊರಗೆ 39 ಡಿಗ್ರಿ ಬಿಸಿಲು. ತೊಟ್ಟಿಯೊಳಗೆ ಬೆರಳಿಟ್ಟು ನೋಡಿದೆ, ಸ್ನಾನಕ್ಕೆ ಕಾಯಿಸಲು ಇಟ್ಟ ನೀರಿನಂತೆ ಬೆಚ್ಚಗಿತ್ತು.

"ಮಾಮ, ಇದು ಮೂರು ದಿನದಿಂದ ಏನೂ ತಿಂತಿಲ್ಲ. ಕೆರೆಗೆ ಬಿಟ್ಬಿಡ್ಲಾ?" ಎಂದು ಹುಡುಗ ಕೇಳಿದ.

ಬೇಡ ಕಣೋ ಎಂದೆ. ಯಾಕೆ ಬೇಡ ಎನ್ನುವುದನ್ನು ಅವನಿಗೆ ಅರ್ಥವಾಗುವಂತೆ ಹೇಳಲು ಆ ಸಂಜೆ ಪೂರ್ತಿ ಹಿಡಿಯಿತು. ಈಗ ಮಧುಗಿರಿ, ಕೊರಟಗೆರೆ, ಪಾವಗಡದ ಮನೆಗಳಿಗೂ ಮೀನಿನ ತೊಟ್ಟಿಗಳು ಬಂದಿವೆ. ಮೀನಿನ ಹಿಂದೆಯೇ ಇಂಥ ಕಪ್ಪೆಗಳೂ ಬರುತ್ತವೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಆ ಬಿಳಿಯ ಪ್ರಾಣಿ ಆಫ್ರಿಕಾದ ಉಗುರುಗಪ್ಪೆ. ವಿಜ್ಞಾನದ ಹೆಸರು ಕ್ಸೆನೋಪಸ್ ಲೇವಿಸ್. ಕ್ಸೆನೋಪಸ್ ಎಂದರೆ ವಿಚಿತ್ರ ಪಾದದ್ದು ಎಂದರ್ಥ. ಹಿಂಗಾಲಿನ ಒಳಗಿನ ಮೂರು ಬೆರಳುಗಳಿಗೆ ಕಪ್ಪು ಉಗುರುಗಳಿವೆ, ಅದಕ್ಕೇ ಉಗುರುಗಪ್ಪೆ ಎಂಬ ಹೆಸರು. ಸಹಜ ನೆಲೆಯಲ್ಲಿ ಇದರ ಬಣ್ಣ ಕೆಸರಿನ ಹಸಿರು. ಅಂಗಡಿಯ ಬಿಳಿ ಕಪ್ಪೆಗಳು ಬಣ್ಣ ಕಳೆದುಕೊಂಡ ತಳಿ. ನಮ್ಮ ಕಪ್ಪೆಗಳನ್ನು ಕಂಡವರಿಗೆ ಇದರಲ್ಲಿ ಹಲವು ಆಶ್ಚರ್ಯಗಳಿವೆ. ಇದಕ್ಕೆ ನಾಲಗೆಯೇ ಇಲ್ಲ. ನೊಣ ಹಿಡಿಯಲು ನಾಲಗೆ ಚಾಚುವ ಕಪ್ಪೆಯ ಚಿತ್ರ ನಮ್ಮ ಕಣ್ಣಿಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಇದು ಎರಡೂ ಕೈಯಿಂದ ಆಹಾರವನ್ನು ಬಾಚಿ ಬಾಯಿಗೆ ತುರುಕಿಕೊಳ್ಳುವುದನ್ನು ನೋಡಿದಾಗ ಅನ್ನ ತಿನ್ನಲು ಕಲಿಯುತ್ತಿರುವ ಮಗುವಿನ ನೆನಪಾಗುತ್ತದೆ. ರೆಪ್ಪೆಯೂ ಇಲ್ಲ. ಮೈಯ ಎರಡೂ ಬದಿಯಲ್ಲಿ ಸೂಜಿಯಿಂದ ಹೊಲಿಗೆ ಹಾಕಿದಂತೆ ಗೆರೆಗಳ ಸಾಲು ಕಾಣುತ್ತದೆ. ನೀರಿನ ಅಲುಗಾಟವನ್ನು ಗ್ರಹಿಸುವ ಅಂಗ ಅದು, ಮೀನುಗಳಿಗಿರುವಂಥದ್ದೇ. ಹೆಚ್ಚಿನ ಕಪ್ಪೆಗಳು ಗೊದಮೊಟ್ಟೆಯ ಹಂತ ದಾಟುವಾಗ ಅದನ್ನು ಕಳೆದುಕೊಂಡರೆ ಇದು ಜೀವನಪೂರ್ತಿ ಉಳಿಸಿಕೊಳ್ಳುತ್ತದೆ. ಆಗಾಗ ತನ್ನ ಚರ್ಮ ಕಳಚಿ ತಾನೇ ತಿಂದುಬಿಡುತ್ತದೆ. ಹುಡುಗ ಅದನ್ನು ನೋಡಿ ಕಪ್ಪೆಗೆ ರೋಗ ಬಂದಿದೆ ಎಂದು ಹೆದರಿದ್ದ. ಅದು ರೋಗವಲ್ಲ.

ದಕ್ಷಿಣ ಆಫ್ರಿಕಾದ ಕೊಳಗಳ ಈ ಜೀವಿ ಲೋಕವೆಲ್ಲ ಸುತ್ತಿದ್ದು ಅಲಂಕಾರಕ್ಕಾಗಿ ಅಲ್ಲ, ಆಸ್ಪತ್ರೆಗಳಿಗಾಗಿ. 1930ರ ಆಸುಪಾಸಿನಲ್ಲಿ ಕೇಪ್‌ಟೌನ್‌ನಲ್ಲಿದ್ದ ಬ್ರಿಟಿಷ್ ವಿಜ್ಞಾನಿ ಲ್ಯಾನ್ಸ್‌ಲಾಟ್ ಹಾಗ್ಬೆನ್ ಇದರ ಒಂದು ಗುಣವನ್ನು ಗಮನಿಸಿದರು. ಕೆಲವು ಹಾರ್ಮೋನುಗಳನ್ನು ಚುಚ್ಚಿದರೆ ಹೆಣ್ಣು ಕಪ್ಪೆ ಮೊಟ್ಟೆ ಇಡುತ್ತಿತ್ತು. ಬಸುರಿಯ ಮೂತ್ರದಲ್ಲಿರುವ ಹಾರ್ಮೋನಿಗೂ ಅದೇ ಶಕ್ತಿಯಿದೆ ಎಂದು ತಿಳಿದ ಮೇಲೆ ಈ ಕಪ್ಪೆ ಬಸಿರು ಪರೀಕ್ಷೆಯ ಸಾಧನವಾಯಿತು. ಮೂತ್ರ ಚುಚ್ಚಿದ ಒಂದು ದಿನದೊಳಗೆ ಮೊಟ್ಟೆ ಕಂಡರೆ ಹೆಂಗಸು ಬಸುರಿ. ಕಪ್ಪೆಯನ್ನು ಕೊಲ್ಲಬೇಕಾಗಿರಲಿಲ್ಲ, ಮತ್ತೆ ಬಳಸಬಹುದಿತ್ತು. 1960ರ ದಶಕದಲ್ಲಿ ಪ್ರಾಣಿ ಬೇಡದ ಹೊಸ ಪರೀಕ್ಷೆಗಳು ಬರುವವರೆಗೆ ಇವನ್ನು ದೇಶದಿಂದ ದೇಶಕ್ಕೆ ಸಾಗಿಸಿದರು. ಮುಂದೆ ಬ್ರಿಟಿಷ್ ವಿಜ್ಞಾನಿ ಜಾನ್ ಗರ್ಡನ್ ಇದೇ ಕಪ್ಪೆಯ ಗೊದಮೊಟ್ಟೆಯ ಕರುಳಿನ ಜೀವಕೋಶದ ಕೇಂದ್ರವನ್ನು ಮೊಟ್ಟೆಯೊಳಗಿಟ್ಟು ಹೊಸ ಕಪ್ಪೆಯನ್ನೇ ಬೆಳೆಸಿದರು. ಆ ಕೆಲಸಕ್ಕೆ 2012ರಲ್ಲಿ ನೊಬೆಲ್ ಬಂತು. ಮನುಷ್ಯನಿಗೆ ಇಷ್ಟೊಂದು ದುಡಿದ ಪ್ರಾಣಿ ಕೊನೆಗೆ ಶಿರಾದ ಬಿಸಿನೀರಿನಲ್ಲಿ ಉಪವಾಸ ಬಿದ್ದಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಇದು ತಂಪು ನೀರಿನ ಕಪ್ಪೆ ಎಂಬುದನ್ನು ಅಂಗಡಿಗಳು ಹೇಳುವುದಿಲ್ಲ. ಪ್ರಯೋಗಾಲಯಗಳಲ್ಲಿ ಇವುಗಳ ನೀರನ್ನು ಸುಮಾರು 18ರಿಂದ 22 ಡಿಗ್ರಿಯಲ್ಲಿ ಇಡುತ್ತಾರೆ. ನಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಆ ತಂಪು ತಾನಾಗಿ ಸಿಕ್ಕೀತು. ಮಾರ್ಚ್‌ನಿಂದ ಮೇ ತನಕ ಶಿರಾ, ಪಾವಗಡದ ತಾರಸಿ ಮನೆಗಳ ಒಳಗೆ ಅದು ಕನಸಿನ ಮಾತು. ಅಂದು ಉಷ್ಣಮಾಪಕ ಹಾಕಿ ನೋಡಿದಾಗ ತೊಟ್ಟಿಯ ನೀರು 32 ಡಿಗ್ರಿ ಇತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಹೊಲಸು ಬೇಗ ಕೊಳೆಯುತ್ತದೆ, ಕಪ್ಪೆ ತಿನ್ನುವುದನ್ನು ಬಿಡುತ್ತದೆ. ನಾವು ಮಾಡಿದ್ದಿಷ್ಟೇ: ತೊಟ್ಟಿಯನ್ನು ಉತ್ತರದ ಗೋಡೆಯ ಬಳಿಗೆ, ನೆಲದ ಮೇಲಕ್ಕೆ ತಂದೆವು. ಮೂರು ಕಡೆ ಒದ್ದೆ ಗೋಣಿಚೀಲ ಸುತ್ತಿದೆವು. ಜಾಲರಿ ಮುಚ್ಚಳ ಹಾಕಿ ನೀರಿನ ಮೇಲೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟೆವು. ಆವಿಯಾಗುವ ನೀರು ಉಳಿದ ನೀರನ್ನು ತಣಿಸುತ್ತದೆ, ಮಣ್ಣಿನ ಹೂಜಿಯ ಲೆಕ್ಕವೇ. ಸಂಜೆ ಹೊತ್ತಿಗೆ ನಾಲ್ಕು ಡಿಗ್ರಿ ಇಳಿಯಿತು. ಕರೆಂಟು ಹೋದಾಗ ಮತ್ತೆ ಏರುತ್ತಿತ್ತು. ಐಸ್ ಗಡ್ಡೆ ಸುರಿಯುವ ತಪ್ಪು ಮಾತ್ರ ಮಾಡಬಾರದು, ತಟ್ಟನೆ ಬದಲಾಗುವ ತಾಪ ಬಿಸಿಗಿಂತ ಕೆಟ್ಟದ್ದು.

ನೀರಿನ ವಿಷಯ ಇನ್ನೂ ಗಂಭೀರ. ಕಪ್ಪೆಯ ಚರ್ಮ ನಮ್ಮ ಚರ್ಮದಂತೆ ಗೋಡೆಯಲ್ಲ, ಬಟ್ಟೆಯ ಜರಡಿಯಂತೆ. ನೀರು, ಲವಣ, ಗಾಳಿ ಎಲ್ಲವೂ ಅದರ ಮೂಲಕ ಓಡಾಡುತ್ತವೆ. ನೀರಿನಲ್ಲಿ ಏನಿದೆಯೋ ಅದು ಕಪ್ಪೆಯ ಒಳಗೂ ಇರುತ್ತದೆ. ನಲ್ಲಿಯ ನೀರಿನ ಕ್ಲೋರಿನ್ ಅದರ ಚರ್ಮವನ್ನೂ ಕಿವಿರಿರುವ ಮರಿಯನ್ನೂ ಸುಡುತ್ತದೆ. ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಪಾವಗಡದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟೆಂದು ಆ ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ, ಅವರ ಹಲ್ಲು ಮೂಳೆಗಳೇ ಹೇಳುತ್ತವೆ. ಹಾಗೆಂದು ಶುದ್ಧ ನೀರಿನ ಘಟಕದ ಆರ್‌ಓ ನೀರನ್ನೇ ಪೂರ್ತಿ ತುಂಬಿಸುವುದೂ ಸರಿಯಲ್ಲ. ಲವಣವೇ ಇಲ್ಲದ ನೀರು ಕಪ್ಪೆಯ ಮೈಯ ಲವಣವನ್ನು ಎಳೆದುಬಿಡುತ್ತದೆ. ಎರಡನ್ನೂ ಬೆರೆಸಬೇಕು. ಮೊದಲ ಮಳೆಗೆ ತಾರಸಿ ತೊಳೆದ ಮೇಲೆ ಹಿಡಿದ ಮಳೆನೀರು ಸೇರಿಸಿದರೆ ಇನ್ನೂ ಒಳ್ಳೆಯದು. ಸೊಳ್ಳೆ ಬತ್ತಿ, ಕೀಟ ಹೊಡೆಯುವ ಸ್ಪ್ರೇ ಇವನ್ನು ತೊಟ್ಟಿಯಿರುವ ಕೋಣೆಯಲ್ಲಿ ಬಳಸಲೇಬಾರದು.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಕಪ್ಪೆ ಬಿಡುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಹೆಪ್ಪು ಹಾಕದೆ ಹಾಲು ಮೊಸರಾದೀತೇ? ಕಪ್ಪೆಯ ಹೊಲಸಿನಿಂದ ಅಮೋನಿಯಾ ಬರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ಹೆಚ್ಚು ಕೇಡಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೊಲಸಾಯಿತೆಂದು ವಾರಕ್ಕೊಮ್ಮೆ ಎಲ್ಲ ನೀರೂ ಚೆಲ್ಲಿ, ಸ್ಪಂಜನ್ನು ಸೋಪು ಹಾಕಿ ತಿಕ್ಕಿದರೆ ಹೆಪ್ಪನ್ನೇ ತೊಳೆದು ಚೆಲ್ಲಿದಂತೆ. ವಾರಕ್ಕೆ ಕಾಲುಭಾಗ ನೀರು ಬದಲಿಸಿದರೆ ಸಾಕು.

ಅಂಗಡಿಗಳಲ್ಲಿ ಸಿಗುವ ಇನ್ನೊಂದು ನೀರುಗಪ್ಪೆ ಆಫ್ರಿಕಾದ್ದೇ ಕುಬ್ಜ ಕಪ್ಪೆ, ಹೈಮೆನೋಕೈರಸ್. ಹೆಬ್ಬೆರಳಿಗಿಂತ ದೊಡ್ಡದಾಗುವುದಿಲ್ಲ. ಉಗುರುಗಪ್ಪೆಯ ಮರಿಯನ್ನು ಕುಬ್ಜ ಕಪ್ಪೆಯೆಂದು ಕೊಂಡು, ಅದು ದೊಡ್ಡದಾಗಿ ತೊಟ್ಟಿಯ ಮೀನನ್ನೆಲ್ಲ ಮುಗಿಸಿದ ಮೇಲೆ ಬೆಚ್ಚಿದವರಿದ್ದಾರೆ. ಗುರುತು ಸುಲಭ. ಮುಂಗೈ ಬೆರಳುಗಳ ನಡುವೆ ಪೊರೆಯಿದ್ದರೆ ಕುಬ್ಜ ಕಪ್ಪೆ, ಬೆರಳು ಬಿಡಿಬಿಡಿಯಾಗಿದ್ದರೆ ಉಗುರುಗಪ್ಪೆ. ಉಗುರುಗಪ್ಪೆಯ ಹೆಣ್ಣು ಅಂಗೈ ಅಗಲ ಬೆಳೆಯುತ್ತದೆ, ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಆರನೇ ತರಗತಿಯ ಹುಡುಗನಿಗೆ ಕೊಡಿಸಿದರೆ ಅವನ ಮದುವೆಯ ಹೊತ್ತಿಗೂ ಅದು ಮನೆಯಲ್ಲಿರುತ್ತದೆ ಎಂದು ನಮ್ಮಕ್ಕನಿಗೆ ಹೇಳಿದಾಗ ಅವಳು ತಲೆಯ ಮೇಲೆ ಕೈಹೊತ್ತಳು.

ನಮ್ಮ ಊರುಗಳ ಮಟ್ಟಿಗೆ ಸಾಕಲೇಬೇಕೆಂದರೆ ಕುಬ್ಜ ಕಪ್ಪೆ ವಾಸಿ. ಅದಕ್ಕೆ 24ರಿಂದ 27 ಡಿಗ್ರಿ ಹಿತ. ನಲವತ್ತು ಲೀಟರಿನ ತೊಟ್ಟಿಯಲ್ಲಿ ಎರಡು ಮೂರು ನೆಮ್ಮದಿಯಾಗಿರುತ್ತವೆ. ಉಸಿರಿಗಾಗಿ ಮೇಲೆ ಬಂದುಹೋಗುವ ಪ್ರಾಣಿಯಾದ್ದರಿಂದ ನೀರು ಒಂದಡಿಗಿಂತ ಆಳ ಬೇಡ. ತಳಕ್ಕೆ ನಯವಾದ ಮರಳು ಹಾಕಿ, ಸಣ್ಣ ಕಲ್ಲಾದರೆ ಆಹಾರದ ಜೊತೆ ನುಂಗಿಬಿಡುತ್ತದೆ. ಮುಚ್ಚಳ ಭದ್ರವಾಗಿರಲಿ. ಹೊರಗೆ ನೆಗೆದು ಬಿದ್ದರೆ ನಮ್ಮ ಒಣ ಹವೆಯಲ್ಲಿ ಹೆಚ್ಚು ಹೊತ್ತು ಬದುಕದು. ಮೀನಿನ ಕಾಳಿಗಿಂತ ಕೆಂಪು ಹುಳು, ಸೊಳ್ಳೆಮರಿ ಒಳ್ಳೆಯ ಆಹಾರ.

ಚಿಕ್ಕ ಮಕ್ಕಳಿರುವ ಮನೆಯವರು ಒಂದು ಸಂಗತಿ ತಿಳಿದಿರಬೇಕು. ಅಮೆರಿಕದಲ್ಲಿ 2008ರಿಂದ 2011ರವರೆಗೆ 44 ರಾಜ್ಯಗಳ 376 ಮಂದಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಇದೇ ಕುಬ್ಜ ಕಪ್ಪೆ. ಸೋಂಕು ತಗುಲಿದವರಲ್ಲಿ ಮೂರರಲ್ಲಿ ಎರಡು ಪಾಲು ಹತ್ತು ವರ್ಷದೊಳಗಿನ ಮಕ್ಕಳು. ಎಷ್ಟೋ ಮಕ್ಕಳು ಕಪ್ಪೆಯನ್ನು ಮುಟ್ಟಿರಲೇ ಇಲ್ಲ, ತೊಟ್ಟಿಯ ನೀರು ತಾಗಿದ್ದೇ ಸಾಕಾಗಿತ್ತು. ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಆ ನೀರನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಹಾಕಿ, ಸೋಪಿನಿಂದ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಗುವಿದ್ದರೆ ಕಪ್ಪೆ ತರುವುದೇ ಬೇಡ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಕೆರೆಗೆ ಯಾಕೆ ಬಿಡಬಾರದು?

ಕರುಣೆಯಿಂದಲೇ ಹುಟ್ಟಿದ ಪ್ರಶ್ನೆ ಅದು. ಆದರೆ ಲೋಕದ ಹಲವು ಕಡೆ ಅನಾಹುತ ಶುರುವಾದದ್ದು ಹೀಗೆಯೇ. ಬಸಿರು ಪರೀಕ್ಷೆಗೆಂದು, ಪ್ರಯೋಗಕ್ಕೆಂದು, ಸಾಕಲೆಂದು ಒಯ್ದ ಉಗುರುಗಪ್ಪೆಗಳು ಚಿಲಿ, ಕ್ಯಾಲಿಫೋರ್ನಿಯಾ, ಫ್ರಾನ್ಸ್, ಪೋರ್ಚುಗಲ್, ಇಟಲಿಯ ಸಿಸಿಲಿಗಳಲ್ಲಿ ಹೊರಬಿದ್ದು ಕೊಳಗಳನ್ನು ಆಕ್ರಮಿಸಿವೆ. ಅಲ್ಲಿಯ ಮೀನಿನ ಮರಿ, ಗೊದಮೊಟ್ಟೆ, ನೀರಿನ ಹುಳುಗಳನ್ನು ಬಾಚಿ ತಿಂದಿವೆ. ಶಿರಾದ ಬಿಸಿಲಿಗೆ ಸತ್ತೇಹೋಗುತ್ತದೆಯಲ್ಲ, ಇನ್ನೇನು ಭಯ ಎನ್ನಬಹುದು. ಆದರೆ ತವರಿನಲ್ಲಿ ಕೊಳ ಬತ್ತಿದರೆ ಈ ಕಪ್ಪೆ ಕೆಸರಿನೊಳಗೆ ಹುದುಗಿ ಮಳೆಗೆ ಕಾಯುತ್ತದೆ. ಮಳೆ ಬಂದರೆ ನೆಲದ ಮೇಲೆ ತೆವಳಿ ಮುಂದಿನ ನೀರಿಗೆ ಹೋಗುತ್ತದೆ. ಬತ್ತುವ ಕೆರೆ ಅದಕ್ಕೆ ಹೊಸದಲ್ಲ. ಅದಕ್ಕಿಂತ ಹೆಚ್ಚಿನ ಭಯ ಕೈಟ್ರಿಡ್ ಎಂಬ ಶಿಲೀಂಧ್ರದ್ದು. ಇದು ಕಪ್ಪೆಯ ಚರ್ಮಕ್ಕೆ ಹತ್ತುತ್ತದೆ. ಚರ್ಮವೇ ಉಸಿರಾಗಿರುವ ಜೀವಿಗೆ ಚರ್ಮದ ರೋಗ ಹೃದಯವನ್ನೇ ನಿಲ್ಲಿಸುತ್ತದೆ. 2019ರಲ್ಲಿ ಪ್ರಕಟವಾದ ಲೆಕ್ಕದಂತೆ ಈ ರೋಗದಿಂದ ಜಗತ್ತಿನಲ್ಲಿ ಕನಿಷ್ಠ 501 ಬಗೆಯ ಉಭಯಚರಗಳು ಕುಸಿದಿವೆ, ಅವುಗಳಲ್ಲಿ 90 ಅಳಿದೇ ಹೋಗಿರಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ. ಉಗುರುಗಪ್ಪೆ ತನಗೆ ಕಾಯಿಲೆಯಾಗದೆ ಅದನ್ನು ಹೊತ್ತು ತಿರುಗಬಲ್ಲದು. ಬಿಟ್ಟ ಕಪ್ಪೆ ಎರಡೇ ದಿನ ಬದುಕಿದರೂ ರೋಗ ಇಳಿಸಿಹೋಗಲು ಅಷ್ಟು ಸಾಕು.

ಹೊರಗಿನ ಕಪ್ಪೆ ಮಾತ್ರ ಕೆಟ್ಟದ್ದು ಎಂದಲ್ಲ. ನಮ್ಮ ಹೊಲಗದ್ದೆಗಳ ಗೋಂಕರಗಪ್ಪೆಯೇ ಅಂಡಮಾನ್ ದ್ವೀಪಗಳಿಗೆ ಹೋಗಿ ಅಲ್ಲಿ ಪಿಡುಗಾಗಿದೆ. ಸಾಕುವ ಮೀನಿನ ಮರಿಗಳ ಜೊತೆ ಅದರ ಗೊದಮೊಟ್ಟೆಗಳು ಸೇರಿಕೊಂಡು ಹೋದವೆಂದು ಸಂಶೋಧಕರು ಹೇಳುತ್ತಾರೆ. ಅಲ್ಲಿಯ ಗೊದಮೊಟ್ಟೆಗಳನ್ನು ಅವು ತಿಂದುಹಾಕುತ್ತಿವೆ. ಅದೇ ಗೋಂಕರಗಪ್ಪೆಯನ್ನು ಇಲ್ಲಿ ನಾವೇ ಅಳಿವಿನ ಕಡೆಗೆ ನೂಕಿದ್ದೆವು. ಅದರ ಕಾಲುಗಳನ್ನು ವರ್ಷಕ್ಕೆ ಸಾವಿರಾರು ಟನ್ ಲೆಕ್ಕದಲ್ಲಿ ಯುರೋಪು, ಅಮೆರಿಕಗಳಿಗೆ ಕಳಿಸುತ್ತಿದ್ದ ದೇಶ ನಮ್ಮದು. 1985ರಲ್ಲಿ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿತು, 1987ರಲ್ಲಿ ಕಪ್ಪೆ ಕಾಲಿನ ರಫ್ತು ನಿಂತಿತು. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಜೀವಿಗಳನ್ನು ವನ್ಯಜೀವಿ ಕಾಯ್ದೆಯೊಳಗೂ ತಂದಿದೆ. ಹೊಲದಿಂದ ಅದನ್ನು ಹಿಡಿದು ತಂದು ಗಾಜಿನೊಳಗೆ ಇಡುವ ಯೋಚನೆಯನ್ನೂ ಬಿಡಿ.

ಹಾಗಾದರೆ ಕಪ್ಪೆಯ ಆಸೆಯಿರುವ ಮಗುವಿಗೆ ಏನು ಕೊಡುವುದು?

ಸಂಜೆ ತಂಪಾದ ಮೇಲೆ ಹುಡುಗನನ್ನು ಕರೆದುಕೊಂಡು ಊರಾಚೆಯ ಒಂದು ಕುಂಟೆಯ ಹತ್ತಿರ ಹೋದೆ. ನೀರು ಮೊಣಕಾಲುದ್ದ ಉಳಿದಿತ್ತು. ದಡಕ್ಕೆ ಕಾಲಿಟ್ಟ ಕೂಡಲೇ ಅಂಚಿನಲ್ಲಿದ್ದ ಕಪ್ಪೆಗಳು ಒಂದರ ಹಿಂದೊಂದು ನೀರಿನ ಮೇಲೆ ಹಾರಿದವು. ಮುಳುಗಲಿಲ್ಲ. ಚಪ್ಪಟೆ ಕಲ್ಲೆಸೆದರೆ ನೀರ ಮೇಲೆ ಕುಪ್ಪಳಿಸುತ್ತ ಹೋಗುತ್ತದಲ್ಲ, ಹಾಗೆ ಪಟಪಟನೆ ಕುಪ್ಪಳಿಸಿ ನಡುನೀರಿಗೆ ಹೋಗಿ ಎರಡು ಕಣ್ಣಷ್ಟೇ ಮೇಲಿಟ್ಟು ತಿರುಗಿ ನಮ್ಮನ್ನು ನೋಡಿದವು. ಇದು ಯೂಫ್ಲಿಕ್ಟಿಸ್ ಕುಲದ ಕಪ್ಪೆ. ನಮ್ಮ ಕಡೆ ಇದಕ್ಕೆ ಬೇರೆ ಹೆಸರಿಲ್ಲ, ಬರೀ ಕಪ್ಪೆ. ವರ್ಷದ ಹೆಚ್ಚು ದಿನ ನೀರು ಬಿಟ್ಟು ದೂರ ಹೋಗದ, ಕೆರೆ ಬಾವಿಗಳಲ್ಲೇ ಬಾಳುವ ನಿಜವಾದ ನೀರುಗಪ್ಪೆ ಇದು. ಕೂಪಮಂಡೂಕ ಎಂದು ನಾವು ಹೀಯಾಳಿಸಿದ್ದು ಬಹುಶಃ ಇದನ್ನೇ. ಬಯಲು ಸೀಮೆಯ 39 ಡಿಗ್ರಿಯನ್ನು ತಲೆಮಾರುಗಳಿಂದ ತಾಳಿಕೊಂಡು ಬಂದದ್ದೂ ಇದೇ. ಐನೂರು ವರ್ಷದ ಹಿಂದೆ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಕಪ್ಪೆಗಳು ನೀರಿನ ಮೇಲೆ ಆರೇಳು ಗಜ ಓಡುತ್ತವೆ ಎಂದು ಬೆರಗಿನಿಂದ ಬರೆದಿದ್ದಾನೆ. ದೆಹಲಿ ಗೆದ್ದ ದೊರೆಯನ್ನು ನಿಲ್ಲಿಸಿದ ನೋಟ ನಮ್ಮ ಕುಂಟೆಯಲ್ಲಿ ದಿನಾ ನಡೆಯುತ್ತದೆ.

ಈ ಕುಲದ ಬಗ್ಗೆ ಕರ್ನಾಟಕದಲ್ಲೇ ಹೊಸ ಸಂಗತಿಗಳು ಬರುತ್ತಿವೆ. 2009ರಲ್ಲಿ ಮೂಡಿಗೆರೆಯ ಹೆಸರಿನಲ್ಲೊಂದು, ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ಹೆಸರಿನಲ್ಲೊಂದು ಕಪ್ಪೆಯನ್ನು ಹೊಸ ಪ್ರಭೇದಗಳೆಂದು ವಿವರಿಸಿದರು. 2016ರಲ್ಲಿ ಇವುಗಳ ಹತ್ತಿರದ ನಂಟನಾದ 'ಕರಾವಳಿ' ಬಂತು. ಬಯಲು ಸೀಮೆಯೂ ಹಿಂದೆ ಬಿದ್ದಿಲ್ಲ. 2020ರಲ್ಲಿ ಬೆಂಗಳೂರಿನ ಹೊರವಲಯದ ಮಣ್ಣು ಕೊರೆಯುವ ಕಪ್ಪೆಯೊಂದಕ್ಕೆ 'ಬೆಂಗಳೂರು' ಎಂದೇ ಹೆಸರಿಟ್ಟರು. ಮಧುಗಿರಿ, ಪಾವಗಡದ ಕಡಲೆಕಾಯಿ ಹೊಲಗಳಲ್ಲಿ ಮೊದಲ ದೊಡ್ಡ ಮಳೆಗೆ ನೆಲದಿಂದೆದ್ದು ಬರುವ ದುಂಡು ಕಪ್ಪೆಗಳನ್ನು ಕೂತು ನೋಡಿದವರು ಎಷ್ಟು ಜನ? ಹೊಸದೇನಾದರೂ ಇದ್ದರೆ ಅದನ್ನು ಕಾಣುವ ಕಣ್ಣು ಈ ಊರಿನ ಮಕ್ಕಳದ್ದೇ ಆಗಲಿ ಎಂದು ನನ್ನ ಆಸೆ.

ಕಪ್ಪೆಯನ್ನು ಮನೆಗೆ ಹಿಡಿದು ತರಬೇಕಿಲ್ಲ, ನೀರಿಟ್ಟರೆ ಅದೇ ಬರುತ್ತದೆ. ಹಿತ್ತಲಲ್ಲಿ ಹಳೆಯ ಕಲ್ಲುಬಾನಿಯನ್ನೋ ಸಿಮೆಂಟಿನ ತೊಟ್ಟಿಯನ್ನೋ ನೆರಳಿನಲ್ಲಿ, ಅರ್ಧ ನೆಲಕ್ಕೆ ಹುಗಿದು ಇಡಿ. ಒಂದು ಕಡೆ ಕಲ್ಲು ಜೋಡಿಸಿ ಹತ್ತಿಳಿಯಲು ಮೆಟ್ಟಿಲು ಮಾಡಿ. ಒಂದು ನೈದಿಲೆ ಗಡ್ಡೆ, ಒಂದಿಷ್ಟು ಜೊಂಡು ಸಾಕು. ಹತ್ತಿರದಲ್ಲಿ ಕೆರೆಯೋ ಕುಂಟೆಯೋ ಇದ್ದರೆ ಮಳೆಗಾಲ ಮುಗಿಯುವುದರೊಳಗೆ ಅತಿಥಿ ಬಂದಿರುತ್ತದೆ. ಸೊಳ್ಳೆಯ ಭಯಕ್ಕೆ ಗ್ಯಾಂಬೂಸಿಯಾ ಮೀನು ಬಿಡಬೇಡಿ. 1928ರಲ್ಲಿ ಇಟಲಿಯಿಂದ ಈ ದೇಶಕ್ಕೆ ತಂದ ಆ ಮೀನು ಸೊಳ್ಳೆಮರಿಯ ಜೊತೆಗೆ ಗೊದಮೊಟ್ಟೆಯನ್ನೂ ಕಿತ್ತು ತಿನ್ನುತ್ತದೆ. ಕಪ್ಪೆ ನೆಲೆಯಾಗುವ ತನಕ ವಾರಕ್ಕೊಮ್ಮೆ ಸೊಳ್ಳೆಮರಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆದರಾಯಿತು.

ಕೃಷಿಹೊಂಡ ಇರುವವರಿಗೆ ಇನ್ನೊಂದು ಮಾತು. ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ತಾಲ್ಲೂಕುಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳಾಗಿವೆ. ನೀರಿಗಿಳಿದ ಕಪ್ಪೆ, ಓತಿ, ಮೊಲದ ಮರಿ ಆ ಜಾರುವ ಹಾಳೆ ಹತ್ತಲಾಗದೆ ಸುತ್ತಿ ಸುತ್ತಿ ಸಾಯುತ್ತವೆ. ದಡದಿಂದ ನೀರಿನವರೆಗೆ ಒಂದು ಹಳೆಯ ಗೋಣಿತಾಟನ್ನೋ ಗಂಟು ಹಾಕಿದ ದಪ್ಪ ಹಗ್ಗವನ್ನೋ ಇಳಿಬಿಟ್ಟರೆ ಅವು ಹತ್ತಿ ಬರುತ್ತವೆ. ಒಂದು ರೂಪಾಯಿಯೂ ಖರ್ಚಿಲ್ಲದ ಕೆಲಸ.

ಕಪ್ಪೆಗೂ ಮಳೆಗೂ ಇಲ್ಲಿ ಹಳೆಯ ನಂಟು. ಗಡಿಯಾಚೆಯ ತೆಲುಗರು ಬರದಲ್ಲಿ ಕಪ್ಪತಲ್ಲಿ ಎಂದು ಕಪ್ಪೆಯನ್ನು ಒನಕೆಗೆ ಕಟ್ಟಿ ಮನೆಮನೆಗೆ ಹೊತ್ತು, ಮೇಲೆ ನೀರು ಹುಯ್ಯಿಸಿ ಮಳೆ ಬೇಡುತ್ತಾರೆ. ಕಪ್ಪೆ ಕೂಗಿದರೆ ಮಳೆ ಎಂಬ ನಂಬಿಕೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಮ್ಮ ನಾಲ್ಕು ತಾಲ್ಲೂಕುಗಳದ್ದೂ ಹೌದು. 2022ರಲ್ಲಿ ತುಮಕೂರು ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ರಾತ್ರಿಯೆಲ್ಲ ಕೇಳಿದ ಆ ಗದ್ದಲವನ್ನು ಯಾರೂ ಮರೆತಿರಲಾರರು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಬಕಗಳ ಊಟದಲ್ಲೂ ಕಪ್ಪೆಯ ಪಾಲಿದೆ. ನಮ್ಮ ಕೆರೆಗಳಿಗೆ ಹೊರಗಿನ ರೋಗವೊಂದು ಇಳಿದರೆ ಅದನ್ನು ಸೋಸಿ ತೆಗೆಯುವ ದಾರಿ ಯಾರ ಬಳಿಯೂ ಇಲ್ಲ.

ಅಕ್ಕನ ಮನೆಯ ಬಿಳಿ ಕಪ್ಪೆ ನಾಲ್ಕನೇ ದಿನ ಎರೆಹುಳು ತಿಂದಿತು. ಜೂನ್ ಮಳೆಯ ಹೊತ್ತಿಗೆ ಚೇತರಿಸಿಕೊಂಡಿತು. ಈಗಲೂ ಇದೆ, ಹುಡುಗನೇ ನೋಡಿಕೊಳ್ಳುತ್ತಾನೆ. ಇನ್ನೊಂದು ತರುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ನಿಮ್ಮ ಮನೆಯಲ್ಲೂ ಇಂಥದ್ದಿದ್ದು, ಸಾಕಲು ಆಗುತ್ತಿಲ್ಲವಾದರೆ ಕೊಂಡ ಅಂಗಡಿಗೇ ಮರಳಿಸಿ, ಇಲ್ಲವೇ ಸಾಕಬಲ್ಲವರಿಗೆ ಕೊಡಿ. ಮದಲೂರು ಕೆರೆಗಾಗಲಿ, ಜಯಮಂಗಲಿ ನದಿಗಾಗಲಿ, ನಿಮ್ಮೂರಿನ ಚಿಕ್ಕ ಕುಂಟೆಗಾಗಲಿ ದಯವಿಟ್ಟು ಬಿಡಬೇಡಿ.